ಎರಡು ಪದ ಕಡಿಮೆ

ಲಿಮಾ ಪೇಟೆಯಲ್ಲಿ, ಹಳೆಯ ಅಂಚೆ ಕಚೇರಿಯ ಹಿಂದೆ,
ಪತ್ರಿಕೆಯ ಬಿಡಿ ಜಾಹೀರಾತಿನ ಕಿಂಡಿ ನನ್ನದು.
ಇಪ್ಪತ್ತಾರು ವರ್ಷ.
ಪದಕ್ಕಿಷ್ಟು ಎಂದು ಲೆಕ್ಕ. ಪೆನ್ಸಿಲ್ ಮೊನೆಯಿಂದ
ಒಂದೊಂದನ್ನೇ ಕುಟ್ಟಿ ಎಣಿಸುತ್ತೇನೆ,
ಕೋಳಿ ಕಾಳು ಹೆಕ್ಕಿದ ಹಾಗೆ.

ಬೇಕಾಗಿದ್ದಾರೆ: ಔಷಧಿ ಅಂಗಡಿಗೆ ಹುಡುಗಿ, ನೋಡಲು ಲಕ್ಷಣ.
ಬೇಕಾಗಿದ್ದಾರೆ: ದಂತವೈದ್ಯರಿಗೆ ಸಹಾಯಕಿ, ನೋಡಲು ಲಕ್ಷಣ.
ಬೇಕಾಗಿದ್ದಾರೆ: ಶವಪೆಟ್ಟಿಗೆ ಮಾರುವಲ್ಲಿ ಲೆಕ್ಕ ಬರೆಯಲು,
ಅಲ್ಲಿಯೂ, ನೋಡಲು ಲಕ್ಷಣ.
ನೋಡುವವರು ಯಾರು ಎಂದು ನಾನು ಕೇಳಲಿಲ್ಲ.
ಕಿಂಡಿಯಲ್ಲಿ ಕೂತವನ ಪ್ರಶ್ನೆ ಒಂದೇ:
ಎಷ್ಟು ದಿನ ಹಾಕಲಿ?

ಕಾಗದದ ಮೇಲೆ ಆ ಎರಡು ಪದಕ್ಕೆ ಬಣ್ಣವಿರಲಿಲ್ಲ.
ಓದುವವರಿಗೆ ಗೊತ್ತಿತ್ತು:
ಎರಡು ಜಡೆ ಬೇಡ,
ಬೆಟ್ಟದ ಗಾಳಿಗೆ ಬಿರಿದ ಕೆನ್ನೆ ಬೇಡ,
ಸ್ಪ್ಯಾನಿಷ್ ಆಡುವಾಗ ಎಕಾರ ಜಾರಿ
ಇಕಾರಕ್ಕೆ ಬೀಳುವ ನಾಲಿಗೆ ಬೇಡ.

ನನ್ನ ಅವ್ವನ ನಾಲಿಗೆ ಅದು.
ರಾತ್ರಿ ಅದರ ಮಾತು ಕೇಳುತ್ತ ಉಂಡು
ಹಗಲು ಅದನ್ನೇ ಬೇಡವೆಂದು ಅಚ್ಚಿಗೆ ಕಳಿಸಿದೆ.

ಆಮೇಲೆ ಕಾನೂನು ಬಂತು.
ಸುತ್ತೋಲೆಯ ರೂಪದಲ್ಲಿ, ಮೂರು ಪಿನ್ನಿನಲ್ಲಿ
(ನಾಲ್ಕನೆಯದು ಸಿಗಲಿಲ್ಲ) ನನ್ನ ತಲೆಯ ಮೇಲೆ ನೇತಾಡಿತು.
ಕುಲ, ಬಣ್ಣ, ಭಾಷೆ, ಹೆಣ್ಣು ಗಂಡು,
ಕೆಲಸಕ್ಕೆ ಸಂಬಂಧವಿಲ್ಲದ್ದು ಯಾವುದನ್ನೂ ಕೇಳಕೂಡದು.
ಕೇಳಿದರೆ ದಂಡ.
ಲಿಮಾದ ಮಂಜಿನ ಹಾಗೆ ಅದು:
ನೆಲ ಒದ್ದೆಯಾಗುತ್ತದೆ, ಮಳೆ ಎನ್ನುವ ಹಾಗಿಲ್ಲ.

ಕೆಂಪು ಪೆನ್ಸಿಲ್ ಕೊಂಡೆ. ಹೊಡೆದು ಹಾಕಿದೆ.
ಔಷಧಿ ಅಂಗಡಿಯ ದೋನ್ ಅನ್ಸೆಲ್ಮೊ
ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡಿದ್ದೆ.
ಅವನು ತುಟಿಯಲ್ಲೇ ಎಣಿಸಿ
"ಎರಡು ಪದ ಕಡಿಮೆ ಆಯಿತಲ್ಲ,"
ಚಿಲ್ಲರೆಗೆ ಕೈಯೊಡ್ಡಿದ.
ಮುಂದಿನ ವಾರ ಅದೇ ಚಿಲ್ಲರೆಯಲ್ಲಿ
ಎರಡು ಹೊಸ ಪದ ತಂದ:
ಫೋಟೋ ಲಗತ್ತಿಸಿ.

ಮುಖ ನೋಡಿ ಮಣೆ ಹಾಕುವವರಿಗೆ
ಮಣೆಯೇನು, ಒಂದು ಕಾನೂನು ಅಡ್ಡ ಇಟ್ಟರೆ
ಅದರ ಮೇಲೂ ಕೂರುತ್ತಾರೆ.

ಜುಲೈನ ಒಂದು ಬೆಳಿಗ್ಗೆ ಕಿಂಡಿಗೆ ಬಂದವಳು
ಎಪಿಫಾನಿಯಾ ಹ್ವಾರ್ಕಾಯ. ಕೈಯಲ್ಲಿ ಕತ್ತರಿಸಿದ ತುಣುಕು,
ಔಷಧಿ ತಯಾರಿಕೆಯ ಸರ್ಟಿಫಿಕೇಟು, ಪ್ಲಾಸ್ಟಿಕ್ಕಿನೊಳಗೆ.
ಜಡೆ ಎರಡೇ. ಕತ್ತರಿಸಿಕೊಂಡಿರಲಿಲ್ಲ.

"ಕೆಲಸ ತುಂಬಿತು ಅಂದರು. ಇವತ್ತೂ ಇದು ಅಚ್ಚಾಗಿದೆ."
ತುಂಬಿತು ಎನ್ನುವಾಗ ಅವಳ ಸ್ವರ ಜಾರಿತು,
ಅವ್ವನದು ಜಾರುವ ಜಾಗದಲ್ಲೇ.
"ಅವರು ಬರೆದುಕೊಟ್ಟ ಚೀಟಿ ನಿಮ್ಮ ಹತ್ತಿರ ಇರುತ್ತದಂತೆ."

ಇರುತ್ತದೆ.
ಏಳು ವರ್ಷದ ಚೀಟಿ, ಬಿಸ್ಕತ್ತಿನ ಡಬ್ಬಗಳಲ್ಲಿ.
ಅನ್ಸೆಲ್ಮೊನ ಕೈಬರಹ, ಅದರ ಮೇಲೆ ನನ್ನ ಕೆಂಪು ಗೆರೆ,
ಗೆರೆಯ ಕೆಳಗೆ ಈಗಲೂ ಓದಬಹುದಾದ
ಎರಡು ಪದ.

ಇಲ್ಲ ಎನ್ನಬಹುದಿತ್ತು. ಬಾಯಿಯೊಳಗೆ ಬಂದಿತ್ತು ಕೂಡ.
ಒಂದೇ ಪದ, ಖರ್ಚಿಲ್ಲ.
ಮಗಳ ಕಾಲೇಜು ಫೀಜು ನೆನಪಾಯಿತು. ಮಾಲೀಕರಿಗೆ
ಅನ್ಸೆಲ್ಮೊ ದೂರದ ಸಂಬಂಧಿ ಎನ್ನುವುದೂ.
ಅವಳು ಕಾದಳು. ಹಿಂದಿದ್ದವನು ಕೆಮ್ಮಿದ,
ನಾಯಿಮರಿ ಮಾರಲು ಬಂದವನು.
ನಾನು ಡಬ್ಬದ ಮುಚ್ಚಳ ತೆಗೆದೆ.

ಕಾರ್ಮಿಕ ಇಲಾಖೆಯ ಬೆಂಚು, ಮೂರನೆಯ ಮಹಡಿ.
ತೀರ್ಪೇನೂ ಇನ್ನೂ ಆಗಿಲ್ಲ.
ಅಧಿಕಾರಿ ಚಿಕ್ಕ ವಯಸ್ಸಿನವಳು, ಬೇಗ ಟೈಪು ಮಾಡುತ್ತಿದ್ದಳು.
ಸಾಕ್ಷಿಯ ಹೆಸರು?
ಅದಲ್ಬೆರ್ತೊ ಮೆರಿನೊ ಎಸ್., ಎಂದೆ ರೂಢಿಯಂತೆ.

ಅಪ್ಪನ ಹೆಸರು ಪೂರಾ,
ಅವ್ವನದಕ್ಕೆ ಒಂದಕ್ಷರ, ಚುಕ್ಕಿ.
ಕೆಲಸಕ್ಕೆ ಸೇರುವ ದಿನ ನಾನೇ ಕತ್ತರಿಸಿದ್ದು,
ಯಾರೂ ಹೇಳಿರಲಿಲ್ಲ.

"ಎಸ್ ಅಂದರೆ?"

ಪಕ್ಕದಲ್ಲಿ ಎಪಿಫಾನಿಯಾ ತನ್ನ ಪ್ಲಾಸ್ಟಿಕ್ ಸವರುತ್ತಿದ್ದಳು.
ಸುಲ್ಕರೈ, ಎಂದೆ.
ಹೇಗೆ ಬರೆಯುವುದು ಎಂದು ಕೇಳಿದಳು.
ಬಿಡಿಸಿ ಬಿಡಿಸಿ ಹೇಳಿದೆ, ಅಕ್ಷರ ಅಕ್ಷರ,
ಅಭ್ಯಾಸ ಬಿಡದೆ
ಬೆರಳಿನಿಂದ ಮೇಜು ಕುಟ್ಟುತ್ತ.