ಗಾಡಿಖಾನಿ ಬಯಲು: ಸಭೆಯ ನಡಾವಳಿ

ಯಾದಗಿರಿ. ಏಪ್ರಿಲ್ ಹನ್ನೊಂದು. ನಗರಸಭೆ ಮಹಡಿಯ ಮೇಲೆ
ಮೂರು ಫ್ಯಾನಿನಲ್ಲಿ ಒಂದು ತಿರುಗುತ್ತಿದೆ, ಅದೂ ಸಾಹೇಬರ ತಲೆ ಮೇಲೆ.
ಬರೆದುಕೊಳ್ಳುವವಳು ನಾನು, ದ್ವಿತೀಯ ದರ್ಜೆ ಸಹಾಯಕಿ,
ಆಡಿದ್ದನ್ನೆಲ್ಲ ಬರೆಯಬಾರದೆಂದು
ಹನ್ನೆರಡು ವರ್ಷದಲ್ಲಿ ಕಲಿತವಳು.

ಗೋಡೆಗೆ ಬೆಳಕು ಬಿತ್ತು. ಬೆಳಕಿನಲ್ಲಿ
ಬಟ್ಟಲು ಬೋರಲು ಹಾಕಿದಂಥ ಕ್ರೀಡಾಂಗಣ,
ಸುತ್ತ ನಮ್ಮೂರು ಯಾವತ್ತೂ ಕಾಣದ ಜಾತಿಯ ಗಿಡ,
ಮೆಟ್ಟಿಲ ಮೇಲೆ ನಗುವ ಜನ, ಒಬ್ಬರಿಗೂ ಬೆವರಿಲ್ಲ.
ಎರಡು ಸಾವಿರ ಕುರ್ಚಿ, ಅಂದರು ಇಂಜಿನಿಯರ್, ಮೇಲೆ ಪೂರಾ ಛತ್ತು.

'ಕುರ್ಚಿ ಇರ್ಲಿ ಸಾಹೇಬ್ರ,' ಎದ್ದರು ಲಾಡ್ಲೇಸಾಬ,
ಗಡ್ಡದಲ್ಲಿ ಇನ್ನೂ ಅರಳೆಯ ಎಳೆ.
'ಗಾದಿ ಮಾಡೋರು ನಾವು ಎಲ್ಲಿ ಕೂಡಬೇಕ್ರಿ?
ಛತ್ತಿನ ಕೆಳಗ ಹತ್ತಿ ಹಿಂಜಿದ್ರ
ನಿಮ್ಮ ಆಟಗಾರರು ಕೆಮ್ಮಿ ಸಾಯ್ತಾರ.'
ಸಭೆ ನಕ್ಕಿತು. ಅವರು ನಗಲಿಲ್ಲ.
ಬರೆದೆ: ಬೀದಿಬದಿ ವ್ಯಾಪಾರಿಗಳ ವಿಷಯ ಪರಿಶೀಲಿಸಲಾಗುವುದು.

ಪಾರ್ಕಿಂಗ್ ಅಂದರು ಒಬ್ಬರು. ಗಟಾರ ಅಂದರು ಇನ್ನೊಬ್ಬರು.
ಆಸ್ಪತ್ರೆ ಓಣಿಯ ಹೆಣ್ಣುಮಗಳು: 'ಮ್ಯಾಚ್ ಇದ್ದ ದಿನ
ಹೆರಿಗಿ ಬ್ಯಾನಿ ಬಂದ್ರ ಗಾಡಿ ಹ್ಯಾಂಗ ಹಾಯ್ತದ?'
ಅದಕ್ಕೊಂದು ಬಾಣದ ಗುರುತಿತ್ತು ನಕ್ಷೆಯಲ್ಲಿ. ಬಾಣ ನೆಟ್ಟಗೆ
ಹಣಮವ್ವನ ಮಿರ್ಚಿಭಜಿ ಬಂಡಿಯೊಳಗೆ ಹೊಕ್ಕಿತ್ತು.

ಆಮೇಲೆ ಎದ್ದಳು ಹಿಂದಿನ ಸಾಲಿನವಳು, ಒಂಬತ್ತನೇ ಕ್ಲಾಸು,
ಹೆಸರು ಮೌನೇಶ್ವರಿ, ಗುಣ ಹೆಸರಿಗೆ ತಿರುವು.
'ನನಗ ಬೇಕ್ರಿ ಅದು. ಬಯಲಿನಾಗ ಓಡಿದ್ರ
ಚಹಾದಂಗಡಿ ಪೂರಾ ನೋಡ್ತದ.
ಸಂಜಿ ಆತಂದ್ರ ಲೈಟಿಲ್ಲ, ಮನಿಗಿ ನಡಿ ಅಂತಾರ.
ನಾಲ್ಕು ಗ್ವಾಡಿ ಇದ್ರನೇ ನಾ ಮನಸಾರೆ ಓಡಾಕಿ.'
ಅವಳವ್ವ ಜಡೆ ಜಗ್ಗಿ ಕೂಡಿಸಿದಳು.

ನನ್ನ ಪೆನ್ನು ನಿಂತಿತು.
ಜಿಲ್ಲಾ ಮಟ್ಟದ ಖೋಖೋ. ಕಂಬ ಮುಟ್ಟಿ ತಿರುಗುವಾಗ
ಅಂಗಾಲಿಗೆ ಒತ್ತುತ್ತಿದ್ದ ಅದೇ ಬಯಲಿನ ಬಿಸಿ ಹರಳು.
ಮದುವೆ ಗೊತ್ತಾದ ವರ್ಷ ಬಿಟ್ಟದ್ದು.
ಯಾರ ಕಡೆ ಇದ್ದೇನೆ ನಾನು?
ಆ ಕಾಲಂ ನಡಾವಳಿಯಲ್ಲಿ ಇಲ್ಲ.

ಕೊನೆಗೆ, ಕಲ್ಲು ಒಡೆಯುವ ತಾಯಪ್ಪ. ಎಂಬತ್ತು ದಾಟಿದ್ದಾನೆ.
ಕೋಲೂರಿಕೊಂಡು ಗೋಡೆಯ ತನಕ ನಡೆದ,
ಎರಡು ಸಾವಿರ ಕುರ್ಚಿಯ ನಡುವೆ ಬೆರಳಿಟ್ಟ.
'ಇಲ್ಲಿ ಬಾವಿ ಅದ.'
ನಕ್ಷೆಯಲ್ಲಿ ಇಲ್ಲವಲ್ಲ ಅಜ್ಜಾ, ಇಂಜಿನಿಯರ್ ಹಾಳೆ ತಿರುವಿದರು.
'ನಕ್ಷಾ ಬರಿಯೋದ್ರಾಗ ಮುಚ್ಚಿತ್ತು. ನಮ್ಮಪ್ಪ ಮುಚ್ಚಿದ್ದು,
ಫರಸಿ ಎಳದು ಕೊಟ್ಟಾಂವ ನಾ.
ಗಾಡಿ ಎತ್ತು ಕುಡೀತಿದ್ವು. ನೀರಿನ್ನೂ ಸತ್ತಿಲ್ಲ.
ನಿಮ್ಮ ಕಂಬ ಅದರ ನೆತ್ತಿ ಮ್ಯಾಗ ಇಳೀತದ.'

ಬೆಳಕಿಗೆ ಅಡ್ಡ ಬಂದ ಅವನ ಮುಷ್ಟಿಯ ನೆರಳು
ಕ್ರೀಡಾಂಗಣದ ನಟ್ಟನಡುವೆ, ದುಂಡಗೆ, ಕಪ್ಪಗೆ.
ಒಂದು ಗಳಿಗೆ ಎಲ್ಲರೂ ಅದರೊಳಗೆ ಇಣುಕಿದೆವು,
ಸಾಹೇಬರು ಕೂಡ.

ಚಹಾ ಬಂತು. ಸಹಿ ಆದವು.
'ಸಾರ್ವಜನಿಕರ ಸಲಹೆಗಳನ್ನು ಸ್ವೀಕರಿಸಲಾಯಿತು' ಎಂದು ಟೈಪು ಮಾಡಿ
ನಕ್ಷೆಯ ಪ್ರತಿ ಲಗತ್ತಿಸುವಾಗ
ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದೆ, ತಾಯಪ್ಪನ ಬೆರಳಿದ್ದಲ್ಲಿ.
ಪಕ್ಕದಲ್ಲಿ, ಇನ್ನೂ ತೆಳುವಾಗಿ, ಖೋಖೋ ಕಂಬ ಎರಡು.

ರಬ್ಬರು ಸಾಹೇಬರ ಮೇಜಿನ ಮೇಲೆಯೇ ಇರುತ್ತದೆ.