ಇನ್ನೂರ ಹತ್ತರ ಕೆಳಗೆ

ಹೊಂದಿಸಿಕೊಳ್ಳುವ ಹುಟ್ಟು ಇದು, ಅಂದಿದ್ದರು ಮಾರುವಾಗ.
ನಡುವಿನ ಚಿಲಕ ಎತ್ತು, ಎಳೆ, ಇಲ್ಲವೇ ತಳ್ಳು:
ಇನ್ನೂರ ಇಪ್ಪತ್ತರಿಂದ ಇನ್ನೂರ ಹತ್ತರವರೆಗೆ
ಸೆಂಟಿಮೀಟರಿಗೊಂದು ಬಿಳಿ ಗೆರೆ.
ಅದರ ಕೆಳಗೆ
ಬರೀ ಕಪ್ಪು.

ಓಡ್ಲೌಗ್ ಬಂದದ್ದು ಮಾರ್ಚಿನ ಕೊನೆಗೆ,
ಲೊವುಂಡ್ ದ್ವೀಪದ ನೆತ್ತಿಯಲ್ಲಿ ಇನ್ನೂ ಹಿಮವಿತ್ತು.
ದೋಣಿಮನೆಯ ಬಾಗಿಲನ್ನು ಮೊಣಕೈಯಲ್ಲಿ ದೂಡಿ
ಹುಟ್ಟನ್ನು ನನ್ನ ಬೆಂಚಿನ ಮೇಲೆ ಎಸೆದು
"ಇದು ಬೆಳೆದಿದೆ" ಅಂದಳು.

ಹುಟ್ಟು ಬೆಳೆಯುವುದಿಲ್ಲ, ಓಡ್ಲೌಗ್.

"ಹಾಗಾದರೆ ನಾನೇ ಇಳಿದಿರಬೇಕು.
ಡಾಕ್ಟರು ಅಳೆದು ನಾಲ್ಕು ಸೆಂಟಿಮೀಟರು ಅಂದರು.
ಎಲ್ಲಿ ಹೋಯಿತು ಅಂತ ಕೇಳಿದರೆ ನಗುತ್ತಾರೆ.
ಭುಜದಲ್ಲೊಂದು ಲೋಹದ ಗುಂಡು ಬೇರೆ."

ಸಾಲ್ಮನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ತಂತಿ ಎಳೆದವಳು.
ಕರೆಂಟು ಹೋಯಿತೆಂದರೆ ಎಲ್ಲಿಗೋ ಹೋಗಿರಲೇಬೇಕು
ಎಂದು ಹುಡುಕಿಕೊಂಡು ಹೊರಡುವವಳು.

ಚಿಲಕ ಎತ್ತಿದೆ. ಜಪ್ಪಯ್ಯ ಅನ್ನಲಿಲ್ಲ.
ಎರಡು ಬೇಸಿಗೆ ತೊಳೆಯದೆ ಇಟ್ಟಿದ್ದಾಳೆ,
ಒಳಕೊಳವೆಗೂ ಹೊರಕೊಳವೆಗೂ ನಡುವೆ
ಮರಳು, ಚಿಪ್ಪಿನ ಪುಡಿ, ಗಟ್ಟಿಯಾದ ಉಪ್ಪು.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು:
ಬಿಸಿನೀರು, ಒಂದಿಷ್ಟು ವಿನೆಗರು,
ಬಕೆಟ್ಟಿನಲ್ಲಿ ರಾತ್ರಿಯಿಡೀ ತಲೆಕೆಳಗು.

ಬೆಳಿಗ್ಗೆ ಒಂದು ಅಲಗು ಅವಳಿಗೆ, ಒಂದು ನನಗೆ.
ಒಂದೇ ಕಂಬಳಿಗೆ ಕಿತ್ತಾಡುವ ಮಕ್ಕಳ ಹಾಗೆ
ತಿರುಚಿದೆವು, ಎಳೆದೆವು, ಬೈದೆವು.
ಪಟ್ ಅಂತು.
ನಾನು ಹಗ್ಗದ ರಾಶಿಯ ಮೇಲೆ ಬಿದ್ದೆ, ಅವಳು ಬೀಳಲಿಲ್ಲ.
ಕೊಳವೆಯೊಳಗಿಂದ ಅರ್ಧ ಲೋಟ ಸಮುದ್ರ ಸುರಿಯಿತು,
ಯಾವ ವರ್ಷದ್ದೋ.

ಆಗಲೇ ಕಂಡದ್ದು ಬಿರುಕು.
ಚಿಲಕ ಬಿಗಿಯುವ ಸೀಳಿನ ಕೊನೆಯಿಂದ ಹೊರಟು
ಕೊಳವೆಯ ಉದ್ದಕ್ಕೂ ಹರಿದಿತ್ತು, ನೆಟ್ಟಗೆ,
ಹೊರಕೊಳವೆಯ ಬಾಯಿಂದ ಲೆಕ್ಕ ಹಾಕಿದರೆ ಏಳು ಸೆಂಟಿಮೀಟರು.
ಏಳೂ ಕೊಯ್ದುಬಿಡೋಣ, ಅಂದೆ,
ಬಿರುಕೂ ಹೋಗುತ್ತದೆ, ಕೆಲಸವೂ ಸಲೀಸು.

"ನಾನು ಕಳೆದುಕೊಂಡದ್ದು ನಾಲ್ಕು.
ಕೂದಲೆಳೆ ಹೆಚ್ಚು ಕೊಡಲಾರೆ."

ಸುತ್ತ ಟೇಪು ಬಿಗಿದೆ, ಎಳೆ ಸಿಬಿರೇಳದಂತೆ.
ಮೂಗಿಗೆ ಮಾಸ್ಕು; ಅವಳು ಸ್ಪಾಂಜಿನಿಂದ
ಹನಿಹನಿಯಾಗಿ ನೀರು ಹಿಂಡುತ್ತ ನಿಂತಳು, ಕಪ್ಪು ಧೂಳು ಹಾರದಂತೆ.
ಸಣ್ಣ ಹಲ್ಲಿನ ಗರಗಸ. ಅವಸರವಿಲ್ಲ.
ಕಾರ್ಬನ್ನು ಕೂಗುವುದಿಲ್ಲ, ಪಿಸುಗುಡುತ್ತದೆ,
ಕೊನೆಯ ಎಳೆಯಲ್ಲಿ ಮಾತ್ರ ಒಮ್ಮೆ ಲಟಕ್.

ಉಳಿದ ಮೂರು ಸೆಂಟಿಮೀಟರು ಬಿರುಕಿಗೆ
ಅಪ್ಪ ಮಾಡುತ್ತಿದ್ದದ್ದನ್ನೇ ಮಾಡಿದೆ:
ಅದು ಎಲ್ಲಿ ನಿಂತಿದೆಯೋ ಅಲ್ಲೊಂದು ದುಂಡನೆಯ ತೂತು.
ಓಡುವ ಬಿರುಕಿಗೆ ಮೊನೆ ಬೇಕು,
ದುಂಡಗಿನ ಜಾಗಕ್ಕೆ ಬಂದರೆ
ಮುಂದೆ ಯಾವ ದಿಕ್ಕು ಎಂದು ಅದಕ್ಕೆ ತಿಳಿಯುವುದಿಲ್ಲ.
ಅಂಚುಗಳನ್ನು ಉಜ್ಜಿದೆ, ಅಂಟು ಕುಡಿಸಿದೆ,
ಚಿಲಕವನ್ನು ಕೆಳಗಿಳಿಸಿ ಕೂರಿಸಿದೆ.
ಬಿಗಿಯಲು ಸೀಳೊಂದು ಬೇಕಿತ್ತಲ್ಲ,
ಬಿರುಕೇ ಸೀಳಾಯಿತು.

ತುಂಡು ಬಳೆಯನ್ನು ಅವಳು ಸ್ಕೇಲಿಗೆ ಹಿಡಿದಳು.
"ಮೂವತ್ತೊಂಬತ್ತು ಮಿಲಿಮೀಟರು. ಇನ್ನೊಂದು?"
ಗರಗಸದ ಬಾಯಿಗೆ ಹೋಯಿತು.
ಅವಳು ಬಗ್ಗಿ, ಬೆಂಚಿನ ಮೇಲಿನ ಕಪ್ಪು ರಾಡಿಯಲ್ಲಿ
ಬೆರಳಾಡಿಸಿ ನೋಡಿದಳು.
"ಸರಿ. ಇದೆ."

ಒಂದು ಮಾತು ಹೇಳಲೇಬೇಕಿತ್ತು.
ಈಗ ಈ ಅಂಕಿಗಳು ನಾಲ್ಕು ಸುಳ್ಳು, ಓಡ್ಲೌಗ್.
ಇನ್ನೂರ ಹತ್ತು ಎಂದು ಬರೆದಿರುತ್ತದೆ,
ಇನ್ನೂರ ಆರು ಎಂದು ತಿಳಿದುಕೋ.
ಬೇಕಿದ್ದರೆ ಅಳಿಸಿ ಹೊಸದು ಬರೆಯುತ್ತೇನೆ.

"ಬಿಡು. ಪಾಸ್‌ಪೋರ್ಟಿನಲ್ಲೂ ನನ್ನ ಎತ್ತರ ಹಳೆಯದೇ."

ಏಪ್ರಿಲ್ ಹದಿನಾಲ್ಕು. ಪಫಿನ್ ಹಕ್ಕಿಗಳು
ಹೇಳಿ ಕಳಿಸಿದ ಹಾಗೆ ಸಮುದ್ರದ ಕಡೆಯಿಂದ ಬಂದು
ಬೆಟ್ಟದ ಬಂಡೆಗಳ ಸುತ್ತ ಸುತ್ತುತ್ತಿದ್ದವು.
ಊರೆಲ್ಲ ಕತ್ತು ಮೇಲೆ ಮಾಡಿ ನಿಂತಿತ್ತು.
ನಾನು ಕೆಳಗೆ ನೋಡುತ್ತಿದ್ದೆ: ಹಳದಿ ಕಯಾಕ್,
ಎಡ, ಬಲ, ಎಡ, ಎಡಕ್ಕೆ ಸ್ವಲ್ಪ ಹೆಚ್ಚು ನೀರು,
ಬಲಕ್ಕೆ ಭುಜ ಒಪ್ಪಿದಷ್ಟು.
ಕಟ್ಟೆಯ ಹತ್ತಿರ ಬಂದು ಚಿಲಕದ ಮೇಲೆ ಕೈ ಇಟ್ಟು
ಕೂಗಿದಳು,

"ಇಂಗ್ವಾಲ್ಡ್! ಇನ್ನೂ ಒಂದು ಚೂರು ಉದ್ದ!"

ಗಾಳಿ ನನ್ನ ಕಡೆಗೇ ಇತ್ತು.
ಕೇಳಿಸಲಿಲ್ಲ ಎಂಬಂತೆ ಕೈ ಬೀಸಿದೆ.