ಕೋಟೆ ಸ್ಟಾಪ್

ಸೋಬಾನೆ ತಂಡದ ನಿಂಗಾಜಮ್ಮನಿಗೆ ವೀಸಾ ಸಿಗಲಿಲ್ಲ,
ಪದ ಬರುತ್ತೆ ಅಂತ ನನ್ನನ್ನು ತುಂಬಿಸಿದರು.
ಹಾಗೆ ನೋಡಿದ್ದು, ಹಾಲಪ್ಪ, ಆ ಲಕ್ಸೆಂಬರ್ಗ್.
ಗೇರು ಬದಲಿಸುತ್ತಲೇ ಕೇಳು,
ನಾನು ರೈಟ್ ಅಂದರೆ ಮಾತ್ರ ಹೊರಡು.

ಊರು ಮೇಲಿದೆ. ಹೊಳೆ ಕೆಳಗಿದೆ.
ನಡುವೆ ಕಮರಿ. ಶಿರಾಡಿಯಲ್ಲಿ ನೀನು
ಹಾರ್ನ್ ಹೊಡೆದು ತಿರುಗಿಸುತ್ತೀಯಲ್ಲ, ಅಂಥದ್ದು.
ಅದರ ತಳದಲ್ಲೂ ಜನ ಸೊಪ್ಪು ಬೆಳೆದುಕೊಂಡು
ಬಟ್ಟೆ ಒಣಹಾಕಿಕೊಂಡು ಇದ್ದಾರೆ,
ಮೇಲಿನವರ ಗಂಟೆ ಸದ್ದು ಬಂದು ಬೀಳುವ ಜಾಗದಲ್ಲಿ.
ಹೊಳೆಯೋ, ನಮ್ಮ ಹೇಮಾವತಿಯ ಮುಂದೆ ಒಂದು ಕಾಲುವೆ.
ಸೇತುವೆಗೆ ಮಾತ್ರ ಸಮುದ್ರ ದಾಟುವಷ್ಟು ಡೌಲು.

ಬಸ್ಸಿಗೆ ಟಿಕೆಟ್ಟಿಲ್ಲ. ಯಾರಿಗೂ ಇಲ್ಲ.
ಇಲ್ಲಿ ಸೊನ್ನೆ ರೂಪಾಯಿಗೂ ನಾನು ಚೀಟಿ ಹರಿಯಬೇಕು,
ಅಲ್ಲಿ ಆ ಸೊನ್ನೆಯನ್ನೂ ಬರೆಯುವವರಿಲ್ಲ.
ಹತ್ತಿದ ಕೂಡಲೇ ನನ್ನ ಕೈ ಹೆಗಲಿಗೆ ಹೋಯಿತು, ಚೀಲ ಹುಡುಕಿಕೊಂಡು.
ತಲೆ ಎಣಿಸಿದೆ, ಇಪ್ಪತ್ತಮೂರು.
ಯಾರಿಗೆ ಲೆಕ್ಕ ಒಪ್ಪಿಸಲಿ?

ಕಮರಿಗಿಳಿಯಲು ಗಾಜಿನ ಲಿಫ್ಟು, ಅದಕ್ಕೂ ಕಾಸಿಲ್ಲ.
ಒಂದು ನಾಯಿ, ಒಂದು ಸೈಕಲ್ಲು,
ನೆರಿಗೆ ಹಿಡಿದು ನಿಂತ ನಾವು ಆರು ಜನ.
ಸಕಲೇಶ್ವರಾ ಅಂತ ಕಣ್ಣು ಮುಚ್ಚಿದೆ.

ಕೋಟೆ ಇತ್ತಂತೆ. ಗಟ್ಟಿ ಇತ್ತು, ಅದೇ ತಪ್ಪಾಯಿತು.
ಇಷ್ಟು ಗಟ್ಟಿ ಯಾರ ಕೈಲಿದ್ದರೂ
ಉಳಿದವರಿಗೆ ನಿದ್ದೆಯಿಲ್ಲ ಅಂತ
ದೊಡ್ಡ ದೊರೆಗಳು ಕೂತು ರುಜು ಹಾಕಿ ಒಡೆಸಿದರಂತೆ.
ಉಳಿದದ್ದು ಬಂಡೆಯೊಳಗಿನ ಸುರಂಗ.
ಅಲ್ಲಿ ನಿಂತು ಒಂದು ಪದ ಎತ್ತಿದೆವು,
ನಿಂಗಾಜಮ್ಮನ ಜಾಗದಲ್ಲಿ ಬಂಡೆಯೇ ಸೊಲ್ಲು ಹಿಡಿಯಿತು.

ಗೋಡೆಯ ಮೇಲೆ ಹಳೇ ನಕ್ಷೆ,
ಮೂಲೆಮೂಲೆ ಚೂಪು, ನೆಲಕ್ಕೆ ಬಿದ್ದ ನಕ್ಷತ್ರ.
ನಮ್ಮ ಕಡೆಯೂ ಇಂಥದ್ದಿದೆ ಅಂದೆ, ದುಭಾಷಿ ಹುಡುಗಿಗೆ.
ಒಳಗೆ ಹೇಗಿದೆ ಅಂತ ಕೇಳಿದಳು.

ಹತ್ತೊಂಬತ್ತು ವರ್ಷ, ಹಾಲಪ್ಪ,
ದೋಣಿಗಾಲಿನಲ್ಲಿ ಬಾಗಿಲು ಹಿಡಿದು
ಕೋಟೆ, ಕೋಟೆ, ಯಾರ್ರೀ ಇಳಿಯೋರು ಅಂತ ಕೂಗಿದ್ದೇನೆ.
ಇಳಿದಿಲ್ಲ.

ಮೊನ್ನೆ ವಾರದ ರಜೆ. ಹತ್ತಿದೆ.
ಎಂಟು ಮೂಲೆಯನ್ನೂ ನಡೆದು ಎಣಿಸಿದೆ,
ಏಳನೆಯದರಲ್ಲಿ ಚಪ್ಪಲಿ ಕಿತ್ತುಹೋಯಿತು.
ಕಲ್ಲಿನ ಮೇಲೆ ಯಾರದೋ ಪ್ರೀತಿಯ ಹೆಸರು,
ನೀರಲ್ಲಿ ಬಾಟಲಿ, ನೆತ್ತಿಯಲ್ಲಿ ಮಂಜು.
ಮಂಜು ಸರಿದಾಗ ಕೆಳಗೆ ನಿನ್ನ ಬಸ್ಸು,
ಹುರುಳಿಕಾಳಿನಷ್ಟು.
ಹೊಸ ಹುಡುಗನ ವಿಶಲ್ಲು ತಡವಾಗಿ ಮೇಲೆ ಬಂತು.
ಯಾರೂ ಇಳಿಯಲಿಲ್ಲ.
ನಾನು ಅಲ್ಲಿಂದಲೇ ರೈಟ್ ಅಂದೆ,
ನೀನು ಹೊರಟೆ.